ದಿನಕ್ಕೊಂದು ಬರಹ, ಎಪ್ಪತ್ತೆಂಟು ವರ್ಷದ ತಪ್ಪು

ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನಿಗೆ ದಿನದ ಕೆಲಸವನ್ನು ಆ ದಿನವೇ ಮುಗಿಸುವ ಶಿಸ್ತನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲವೆಂದು ನಾನು ನಂಬಿದ್ದೆ. ಕಂಪ್ಯೂಟರುಗಳು ಬರುವುದಕ್ಕೆ ಮುಂಚಿನ ದಿನಗಳಲ್ಲಿ ಶಾಖೆಯ ಲೆಕ್ಕ ತಾಳೆಯಾಗದೆ ನಾವು ಮನೆಗೆ ಹೊರಡುತ್ತಿರಲಿಲ್ಲ. ಹತ್ತು ಪೈಸೆಯ ವ್ಯತ್ಯಾಸ ಬಂದರೂ ಲೆಡ್ಜರುಗಳನ್ನು ಮತ್ತೆ ತೆರೆದು, ಒಬ್ಬರು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಪೆನ್ಸಿಲಿನಿಂದ ಗುರುತು ಹಾಕುತ್ತ ರಾತ್ರಿ ಒಂಬತ್ತರವರೆಗೂ ಕುಳಿತದ್ದುಂಟು. ವ್ಯತ್ಯಾಸದ ಮೊತ್ತ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರಬಹುದು ಎಂಬುದು ಹಳೆಯ ಗುಮಾಸ್ತರು ನಮಗೆ ಹೇಳಿಕೊಟ್ಟ ಸೂತ್ರ. ಇಂಥ ಗರಡಿಯಲ್ಲಿ ಪಳಗಿದ ನಾನು ನಿವೃತ್ತಿಯ ನಂತರ ದಿನಕ್ಕಿಷ್ಟು ಕನ್ನಡ ಬರೆಯುತ್ತೇನೆಂದು ಸಂಕಲ್ಪ ಮಾಡಿ ಕುಳಿತಾಗ, ಆ ಸಂಕಲ್ಪ ನಾಲ್ಕನೆಯ ದಿನಕ್ಕೇ ಮುರಿದುಬಿತ್ತು.

ಆ ನೋಟ್‌ಬುಕ್ ಇನ್ನೂ ನನ್ನಲ್ಲಿದೆ. ಮೊದಲ ದಿನ ಆರು ಪುಟ, ಎರಡನೆಯ ದಿನ ನಾಲ್ಕು, ಮೂರನೆಯ ದಿನ ಒಂದೂವರೆ. ನಾಲ್ಕನೆಯ ದಿನದ ಪುಟದಲ್ಲಿ ತಾರೀಖು ಮಾತ್ರ ಇದೆ. ಬಾಲ್ಯದ ನೆನಪುಗಳನ್ನು ಬರೆಯಲು ಹೊರಟಿದ್ದೆ. ಅವುಗಳಿಗಾಗಿ ಕಾದು ಕುಳಿತವರು ಈ ಲೋಕದಲ್ಲಿ ಒಬ್ಬರೂ ಇರಲಿಲ್ಲ. ಬ್ಯಾಂಕಿನ ಲೆಕ್ಕ ತಾಳೆಯಾಗುತ್ತಿದ್ದುದು ನಮ್ಮ ಶಿಸ್ತಿನಿಂದಲ್ಲ, ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಕೌಂಟರಿನ ಮುಂದೆ ಬಂದು ನಿಲ್ಲುತ್ತಿದ್ದ ಜನರಿಂದ ಎಂಬುದು ಆಗ ನನಗೆ ಹೊಳೆಯಿತು. ಕೇಳುವವರಿಲ್ಲದ ಕಡೆ ನನ್ನ ಶಿಸ್ತು ಮೂರೇ ದಿನದ್ದು.

ಕೇಳುವವರು ಸಿಕ್ಕಿದ್ದು ಮನೆಯಲ್ಲೇ. ಐದನೆಯ ತರಗತಿಯಲ್ಲಿದ್ದ ಮೊಮ್ಮಗಳು ಮನೆಯ ಮುಂದಿನ ಮರದ ಬಗ್ಗೆ ಕನ್ನಡದಲ್ಲಿ ಹತ್ತು ಸಾಲು ಬರೆದುಕೊಂಡು ಹೋಗಬೇಕಿತ್ತು. ಫೋನಿನಲ್ಲಿ ಹುಡುಕಿದರೆ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಸಿಕ್ಕಿತು; ಕನ್ನಡದಲ್ಲಿ ದೊರೆತದ್ದು ಎರಡು ಸಾಲು, ಅದರಲ್ಲೊಂದಕ್ಕೆ ಕ್ರಿಯಾಪದವೇ ಇರಲಿಲ್ಲ. 'ತಾತ, ಕನ್ನಡದಲ್ಲಿ ಯಾರೂ ಬರೆದೇ ಇಲ್ವಾ?' ಎಂದು ಅವಳು ಕೇಳಿದಳು. ಬರೆದಿದ್ದಾರೆ, ಬೇಕಾದಷ್ಟು ಬರೆದಿದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದದ್ದು 1969ರಲ್ಲಿ; ಒಟ್ಟು ಹದಿನಾಲ್ಕು ಸಂಪುಟಗಳು. ನಿರಂಜನರ ಸಂಪಾದಕತ್ವದ ಜ್ಞಾನಗಂಗೋತ್ರಿ ಏಳು ಸಂಪುಟ. ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ ಬಾಲಪ್ರಪಂಚವನ್ನೂ ಆಮೇಲೆ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನೂ ಬರೆದರು. ಆದರೆ ಫೋನಿನಲ್ಲಿ ಹುಡುಕುವ ಹತ್ತು ವರ್ಷದ ಮಗುವಿಗೆ ಗ್ರಂಥಾಲಯದ ಕಪಾಟಿನೊಳಗೆ ಇರುವುದೂ ಒಂದೇ, ಇಲ್ಲದಿರುವುದೂ ಒಂದೇ.

ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ಎರಡು ದಶಕ ಕಳೆದ ಮೇಲೂ ಅದರ ಲೇಖನಗಳ ಸಂಖ್ಯೆ ಮೂವತ್ತು ಸಾವಿರದ ಮೇಲೆ ಕೆಲವೇ ಸಾವಿರ. ಇಂಗ್ಲಿಷಿನಲ್ಲಿ ಅದು ಎಪ್ಪತ್ತು ಲಕ್ಷದ ಆಸುಪಾಸಿನಲ್ಲಿದೆ. ಇಂಗ್ಲಿಷಿನ ಮಾತು ಬೇಡವೆನ್ನುವವರು ಪಕ್ಕದ ಮಲಯಾಳವನ್ನು ನೋಡಬಹುದು. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯಾಗಿರುವವರು ಸುಮಾರು 4.37 ಕೋಟಿ, ಮಲಯಾಳ ಮಾತೃಭಾಷೆಯಾಗಿರುವವರು ಸುಮಾರು 3.48 ಕೋಟಿ. ಮಲಯಾಳದ ಲೇಖನಗಳು ಎಂಬತ್ತು ಸಾವಿರವನ್ನು ದಾಟಿವೆ. ನವೆಂಬರಿನಲ್ಲಿ ಆಟೋಗಳಿಗೆ ಬಾವುಟ ಕಟ್ಟುವ ಉತ್ಸಾಹ ನಮ್ಮಲ್ಲಿ ಕಡಿಮೆಯೇನಿಲ್ಲ. ಒಂದು ಮರದ ಬಗ್ಗೆ ಹತ್ತು ಸಾಲು ಬರೆದಿಡುವ ವ್ಯವಧಾನ ಮಾತ್ರ ಕಡಿಮೆ. ನಾನೂ ಅವರಲ್ಲೊಬ್ಬ ಎಂದು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

2015ರಲ್ಲಿ ಬಲ್ಗೇರಿಯದ ವಸ್ಸಿಯಾ ಅಟನಸೋವಾ ಎಂಬ ಮಹಿಳೆ ತಮಗೆ ತಾವೇ ಒಂದು ಪಂಥ ಹಾಕಿಕೊಂಡರು. ನೂರು ದಿನ, ದಿನಕ್ಕೊಂದರಂತೆ ವಿಕಿಪೀಡಿಯಕ್ಕೆ ಹೊಸ ಲೇಖನ, ಒಂದು ದಿನವೂ ತಪ್ಪಬಾರದು. ಅದು ಭಾಷೆಯಿಂದ ಭಾಷೆಗೆ ಹಬ್ಬಿತು. 2024ರ ಜನವರಿ 1ರಂದು ನಾನೂ ಆ ಪಂಥಕ್ಕೆ ಬಿದ್ದೆ. ಅಡುಗೆಮನೆಯ ಗೋಡೆಯಲ್ಲಿದ್ದ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರಿನಲ್ಲಿ, ಹಾಲು ತಂದ ದಿನಕ್ಕೆ ಗುರುತು ಹಾಕುತ್ತಿದ್ದ ಹಾಗೆ, ಬರೆದ ದಿನಕ್ಕೆ ಕೆಂಪು ಶಾಯಿಯ ಗುರುತು. ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಎಣಿಕೆ. ಈ ಕೊನೆಯ ಷರತ್ತು ನಾನಾಗಿ ಹಾಕಿಕೊಂಡದ್ದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ನೋಟ್‌ಬುಕ್ಕಿನ ಅನುಭವದಿಂದ ನಾನು ಕಲಿತದ್ದೆಂದರೆ ಅಳತೆಯನ್ನು ಕುಗ್ಗಿಸಿಕೊಳ್ಳುವುದು. ಹನ್ನೆರಡು ವಾಕ್ಯ ಸಾಕು. ಪ್ರತಿಯೊಂದು ಸಂಗತಿಗೂ ಪುಸ್ತಕದ ಆಧಾರವಿರಬೇಕು, ಅಷ್ಟೆ. ಜ್ವರ ಬಂದ ದಿನವೂ ಹನ್ನೆರಡು ವಾಕ್ಯ ಬರೆಯಬಹುದು. ಉತ್ಸಾಹ ಉಕ್ಕಿದ ದಿನ ಮೂವತ್ತು ಬರೆದರೆ ಬೇಡವೆನ್ನುವವರಿಲ್ಲ. ಇನ್ನೊಂದು ಉಪಾಯ, ಮರುದಿನದ ವಸ್ತುವನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಂಡು, ಪುಸ್ತಕವನ್ನು ಆ ಪುಟಕ್ಕೆ ತೆರೆದಿಟ್ಟು ಮಲಗುವುದು. ಬೆಳಿಗ್ಗೆ ಐದೂವರೆಗೆ ಎದ್ದವನ ತಲೆಯಲ್ಲಿ 'ಇವತ್ತು ಏನು ಬರೆಯಲಿ?' ಎಂಬ ಪ್ರಶ್ನೆ ಹುಟ್ಟಿದರೆ ಅಂದಿನ ಬರಹ ಅರ್ಧ ಸತ್ತಂತೆಯೇ.

ಐದೂವರೆ ಎಂದಾಗ ಆಂಟನಿ ಟ್ರೊಲಪ್ ನೆನಪಾಗದೆ ಇರುವುದಿಲ್ಲ. ಆತ ಬ್ರಿಟನ್ನಿನ ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆದು, ಆಮೇಲೆ ಕಚೇರಿಗೆ ಹೋಗುತ್ತಿದ್ದ. ಹೊತ್ತಿಗೆ ಸರಿಯಾಗಿ ಎಬ್ಬಿಸಿ ಕಾಫಿ ತಂದುಕೊಡುವ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಡುತ್ತಿದ್ದನಂತೆ. ಹೀಗೆ ಬರೆದ ಕಾದಂಬರಿಗಳು 47. ಆತ ತೀರಿಕೊಂಡ ಮರುವರ್ಷ, 1883ರಲ್ಲಿ, ಈ ಗುಟ್ಟನ್ನೆಲ್ಲ ಹೇಳಿಕೊಂಡಿದ್ದ ಆತ್ಮಕಥೆ ಪ್ರಕಟವಾಯಿತು. ಅದರಿಂದ ಅವನ ಕೀರ್ತಿಗೇ ಪೆಟ್ಟು ಬಿತ್ತು. ಗಡಿಯಾರ ನೋಡಿಕೊಂಡು ಬರೆಯುವವನು ಎಂಥ ಸಾಹಿತಿ ಎಂದು ರಸಿಕರು ಮೂಗು ಮುರಿದರು. ನನಗಂತೂ ಗುಮಾಸ್ತಿಕೆಯ ಆ ಲೆಕ್ಕಾಚಾರವೇ ಆತ್ಮೀಯವೆನಿಸುತ್ತದೆ. ನಮ್ಮ ಮನೆಯಲ್ಲಿ ಐದು ಪೌಂಡಿನ ಆಳಿಲ್ಲವಾದ್ದರಿಂದ ರಾತ್ರಿಯೇ ಫಿಲ್ಟರಿಗೆ ಪುಡಿ ಹಾಕಿ ಡಿಕಾಕ್ಷನ್ ಇಳಿಯಲು ಬಿಟ್ಟು ಮಲಗುತ್ತಿದ್ದೆ.

ಬರೆಯತೊಡಗಿದ ಮೇಲೆ ಎದುರಾದ ದೊಡ್ಡ ತೊಡಕು ವೇಳೆಯದಲ್ಲ, ಮಾತಿನದು. ಕೀಲಿಮಣೆಯ ತೊಡಕು ಹದಿನೈದು ದಿನದಲ್ಲಿ ನೀಗಿತು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಎಷ್ಟು ಸುಲಭವೆಂದರೆ ಬೆರಳುಗಳು ತಾವಾಗಿ ದಾರಿ ಹುಡುಕಿಕೊಂಡವು. 'ರ‍್ಯಾಂಕ್' ಎಂದು ಬರೆಯಲು ಹೋದರೆ ರಕಾರ ಅರ್ಕಾವೊತ್ತಾಗಿ ಹಿಂದಕ್ಕೆ ಹೋಗಿ ಕೂರುವ ಚೇಷ್ಟೆಯೊಂದನ್ನು ಬಿಟ್ಟರೆ ಮತ್ತೇನೂ ತೊಂದರೆಯಾಗಲಿಲ್ಲ. ಆದರೆ ಮೂವತ್ತನಾಲ್ಕು ವರ್ಷ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದವನ ತಲೆಯಲ್ಲಿ ಕನ್ನಡ ವಾಕ್ಯ ನೇರವಾಗಿ ಹುಟ್ಟುತ್ತಿರಲಿಲ್ಲ. ಕೆರೆಯೊಂದರ ಬಗ್ಗೆ ಬರೆಯುವಾಗ ನೀರಾವರಿ ಇಲಾಖೆಯ ಇಂಗ್ಲಿಷ್ ವರದಿಯಲ್ಲಿದ್ದ 'ವೇಸ್ಟ್ ವಿಯರ್' ಎಂಬುದನ್ನು ಎದುರಿಗಿಟ್ಟುಕೊಂಡು ಅರ್ಧ ಗಂಟೆ ಒದ್ದಾಡಿ 'ತ್ಯಾಜ್ಯಜಲ ತಡೆಗೋಡೆ' ಎಂದು ಬರೆದೆ. ಒಳಗೆ ಕಾಫಿ ಕುಡಿಯುತ್ತಿದ್ದ ಹೆಂಡತಿಗೆ ಓದಿ ಹೇಳಿದರೆ, 'ಅದೇನ್ರೀ ಅದು?' ಎಂದು ಕೇಳಿದಳು. 'ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗೋ ಜಾಗ' ಎಂದೆ. 'ಕೋಡಿ ಅನ್ನಿ ಮತ್ತೆ!' ಎಂದು ನಕ್ಕಳು.

ಕೋಡಿ, ತೂಬು, ಏರಿ. ಕೆರೆಯ ಹಿಂದಿನ ಊರಿನಲ್ಲಿ ಹುಟ್ಟಿ ಬೆಳೆದವನು ನಾನು. ಕೋಡಿ ಬಿದ್ದ ದಿನ ಶಾಲೆ ತಪ್ಪಿಸಿ ಮೀನು ಹಿಡಿಯಲು ಹೋದವನು. ಆ ಮಾತು ನನ್ನೊಳಗೆ ಇತ್ತು; ಇಂಗ್ಲಿಷ್ ಕಾಗದ ಕಣ್ಣಿಗೆ ಅಡ್ಡ ಬಂದೊಡನೆ ಮರೆಯಾಗಿತ್ತು. ಆ ದಿನದಿಂದ ವಸ್ತುವಿನ ಬಗ್ಗೆ ಓದಿ, ಪುಸ್ತಕ ಮುಚ್ಚಿಟ್ಟು, ಮನೆಯವರಿಗೆ ಬಾಯಲ್ಲಿ ಹೇಳಿ, ಆಮೇಲೆ ಬರೆಯಲು ಕೂರುವುದನ್ನು ರೂಢಿಸಿಕೊಂಡೆ. ವೇಗ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಇಪ್ಪತ್ತೈದನೆಯ ದಿನದ ಹೊತ್ತಿಗೆ ಇನ್ನೊಂದು ಬದಲಾವಣೆ ಗಮನಕ್ಕೆ ಬಂತು. ಬರೆಯಲು ವಸ್ತು ಬೇಕಾದವನು ಬೀದಿಯಲ್ಲಿ ತಲೆಯೆತ್ತಿ ನಡೆಯತೊಡಗುತ್ತಾನೆ. ಜಯನಗರದಿಂದ ಲಾಲ್‌ಬಾಗಿನವರೆಗೆ ನಲವತ್ತು ವರ್ಷ ಓಡಾಡಿದ ದಾರಿಯಲ್ಲಿ ಮಳೆಮರದ ಎಲೆಗಳು ಸಂಜೆಯಾದೊಡನೆ ಮಡಚಿಕೊಳ್ಳುತ್ತವೆಂಬುದನ್ನು ನಾನು ಮೊದಲ ಬಾರಿಗೆ ಕಂಡೆ. ಆ ಮರ ನಮ್ಮದಲ್ಲ, ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದದ್ದು ಎಂದು ಪುಸ್ತಕದಿಂದ ತಿಳಿಯಿತು. ವರ್ಷದ ಉದ್ದಕ್ಕೂ ಒಂದಾದ ಮೇಲೊಂದು ಮರ ಹೂಬಿಡುವ ಹಾಗೆ ಬೆಂಗಳೂರಿನ ಬೀದಿಗಳಿಗೆ ಸಾಲುಮರಗಳನ್ನು ಯೋಜಿಸಿದವರು ಲಾಲ್‌ಬಾಗಿನ ಹೊಣೆಯನ್ನು 1908ರಲ್ಲಿ ವಹಿಸಿಕೊಂಡ ಜರ್ಮನಿಯ ಜಿ.ಎಚ್. ಕ್ರುಂಬಿಗಲ್. ಅವರ ಹೆಸರಿನ ರಸ್ತೆಯಲ್ಲಿ ನಾನು ಎಷ್ಟೋ ಸಲ ಸ್ಕೂಟರ್ ನಿಲ್ಲಿಸಿದ್ದೇನೆ, ಆ ಹೆಸರು ಯಾರದೆಂದು ಕೇಳಿಕೊಂಡಿರಲಿಲ್ಲ. ದಿನವೂ ಬರೆಯುವುದರಿಂದ ನನ್ನ ಬರವಣಿಗೆ ಸುಧಾರಿಸಿತೋ ಇಲ್ಲವೋ ಹೇಳಲಾರೆ. ನನಗೆ ಏನೇನು ಗೊತ್ತಿಲ್ಲ ಎಂಬುದರ ಪಟ್ಟಿಯಂತೂ ದಿನಕ್ಕೊಂದು ಸಾಲು ಉದ್ದವಾಯಿತು.

ಕನ್ನಡದಲ್ಲಿ ಇಂಥ ದಿನಗೂಲಿಯ ಬರವಣಿಗೆಗೆ ಒಳ್ಳೆಯ ಪರಂಪರೆಯೇ ಇದೆ. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಂಡ್ ಕಿಟೆಲ್ ಅವರ ನಿಘಂಟು ಹೊರಬಂದದ್ದು 1894ರಲ್ಲಿ; ಎಪ್ಪತ್ತು ಸಾವಿರ ಪದಗಳು ಸ್ಫೂರ್ತಿ ಬಂದ ರಾತ್ರಿಗಳಲ್ಲಿ ಒಟ್ಟಾದವಲ್ಲ. ಜಿ. ವೆಂಕಟಸುಬ್ಬಯ್ಯನವರು ಎಪ್ಪತ್ತೆಂಟರ ಸುಮಾರಿನ ವಯಸ್ಸಿನಲ್ಲಿ, 1991ರಲ್ಲಿ, 'ಇಗೋ ಕನ್ನಡ' ಅಂಕಣ ಆರಂಭಿಸಿ ವರ್ಷಗಟ್ಟಲೆ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದರು. ಹಾ.ಮಾ. ನಾಯಕರ ಅಂಕಣ ಬರಹಗಳ ಸಂಗ್ರಹ 'ಸಂಪ್ರತಿ'ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಬಂತು. ಇಂಥವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿಕೊಳ್ಳುವ ಧೈರ್ಯ ನನಗಿಲ್ಲ. ಆದರೆ ಮೂವತ್ತೈದು ಕೆಂಪು ಗುರುತುಗಳು ಸಾಲಾಗಿ ಕ್ಯಾಲೆಂಡರಿನಲ್ಲಿ ನಿಂತಾಗ ಮನುಷ್ಯನಿಗೆ ಸಣ್ಣಗೆ ಕೊಂಬು ಮೂಡುತ್ತದೆ. ಸಿಕ್ಕಿದ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದೆ. 'ಇವತ್ತು ಎಷ್ಟನೇ ದಿನ?' ಎಂದು ಅವರು ಕೇಳುವುದು, ನಾನು ಸಂಖ್ಯೆ ಹೇಳುವುದು. ಏನು ಬರೆದೆ ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ನಲವತ್ತೊಂದನೆಯ ದಿನ, ಫೆಬ್ರುವರಿ 10ರಂದು, ದೂರದ ಊರಿನಲ್ಲಿ ನೆಂಟರ ಮದುವೆಯ ಆರತಕ್ಷತೆ. ಬೆಳಿಗ್ಗೆ ಬೇಗ ಹೊರಟಿದ್ದರಿಂದ ಅಂದಿನ ಬರಹ ಆಗಿರಲಿಲ್ಲ. ಮಧ್ಯಾಹ್ನ ಬಿಡುವಿನಲ್ಲಿ ಪಕ್ಕದ ಹಳ್ಳಿಯ ಕೆರೆಯನ್ನು ನೋಡಿಕೊಂಡು ಬಂದಿದ್ದೆ. ದೊಡ್ಡ ಏರಿ, ಕಲ್ಲಿನ ತೂಬು, ತೂಬಿನ ಹತ್ತಿರ ಅರ್ಧ ಹೂತ ಶಾಸನ. ರಾತ್ರಿ ಹತ್ತೂ ಮುಕ್ಕಾಲಿಗೆ, ಊಟದ ಹಾಲಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಕುಳಿತು ಫೋನಿನಲ್ಲಿ ಬರೆಯತೊಡಗಿದೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಅಂತರ್ಜಾಲದಲ್ಲಿ ಪುಟಪುಟವಾಗಿ ಸಿಗುತ್ತವೆ. ಆ ಊರಿನ ಶಾಸನ ಸಿಕ್ಕಿತು. ಹೊಯ್ಸಳರ ಬಿರುದುಗಳು ಸ್ಪಷ್ಟವಾಗಿದ್ದವು, ಅರಸನ ಹೆಸರಿದ್ದ ಕಡೆ ಕಲ್ಲು ಚಕ್ಕೆಯೆದ್ದಿತ್ತು. ಶಕವರ್ಷ 1213, ಖರ ಸಂವತ್ಸರ.

ಆ ಸಂಪುಟಗಳಲ್ಲಿ ಇಂಗ್ಲಿಷ್ ಅನುವಾದದ ಭಾಗ ಬೇರೆ ಇರುತ್ತದೆ. ಅಲ್ಲಿ ಕ್ರಿಸ್ತಶಕದ ವರ್ಷವನ್ನೂ ಕೊಟ್ಟಿರುತ್ತಾರೆ. ಆ ಪುಟವನ್ನು ಹುಡುಕಿ ತೆರೆಯುವ ತಾಳ್ಮೆ ಅಂದು ನನಗಿರಲಿಲ್ಲ. ಹನ್ನೆರಡು ಹೊಡೆಯುವುದರೊಳಗೆ ಮುಗಿಸಬೇಕಿತ್ತು. 1213 ಎಂಬ ಸಂಖ್ಯೆ ಕಣ್ಣಿಗೆ ಬಿದ್ದೊಡನೆ ಇಮ್ಮಡಿ ವೀರಬಲ್ಲಾಳ ನೆನಪಾದ. ಅವನ ಆಳ್ವಿಕೆ 1173ರಿಂದ 1220. ಹೊಂದಿಕೆಯಾಯಿತಲ್ಲ! 'ಕ್ರಿ.ಶ. 1213ರಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ' ಎಂದು ಬರೆದು, ಕೆಳಗೆ ಸಂಪುಟದ ಹೆಸರು, ಶಾಸನದ ಸಂಖ್ಯೆ ಎಲ್ಲವನ್ನೂ ಕ್ರಮಬದ್ಧವಾಗಿ ನಮೂದಿಸಿದೆ. ಶಕವರ್ಷಕ್ಕೆ ಎಪ್ಪತ್ತೆಂಟು ಕೂಡಿಸಿದರೆ ಕ್ರಿಸ್ತಶಕವಾಗುತ್ತದೆ ಎಂಬುದು ಹೈಸ್ಕೂಲಿನಲ್ಲಿ ಕಲಿತ ಪಾಠ. ಕೂಡುವುದನ್ನೇ ಕಸುಬಾಗಿ ಮಾಡಿಕೊಂಡಿದ್ದವನು ಕೂಡಲು ಮರೆತೆ. ಹನ್ನೊಂದೂ ಐವತ್ತಕ್ಕೆ ಲೇಖನ ಪ್ರಕಟವಾಯಿತು. ಸರಪಳಿ ತುಂಡಾಗಲಿಲ್ಲವೆಂದು ನೆಮ್ಮದಿಯಿಂದ ಮಲಗಿದೆ. ವಿಕಿಪೀಡಿಯದ ಗಡಿಯಾರ ಗ್ರೀನಿಚ್ ಕಾಲದ್ದು, ಅದರ ಮಧ್ಯರಾತ್ರಿ ನಮ್ಮ ಬೆಳಗಿನ ಐದೂವರೆ ಎಂಬುದು ನನಗೆ ತಿಳಿದದ್ದು ಬಹಳ ಆಮೇಲೆ. ಆ ರಾತ್ರಿ ನಾನು ಅವಸರಪಡಬೇಕಾಗಿಯೇ ಇರಲಿಲ್ಲ.

ನೂರನೆಯ ದಿನ ಏಪ್ರಿಲ್ 9. ಅಂದು ಯುಗಾದಿ, ಕ್ರೋಧಿ ಸಂವತ್ಸರದ ಮೊದಲ ದಿನ. ಬೇವುಬೆಲ್ಲ ತಿಂದು ನೂರನೆಯ ಲೇಖನ ಹಾಕಿದೆ. ಮನೆಯಲ್ಲಿ ಒಬ್ಬಟ್ಟಿನೂಟ. ಅಳಿಯ ಕ್ಯಾಲೆಂಡರಿನ ಫೋಟೋ ತೆಗೆದು ಬಂಧುಗಳಿಗೆಲ್ಲ ಕಳುಹಿಸಿದ.

ಫೋನು ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ.

'ನಮ್ಮೂರ ಕೆರೆ ವಿಚಾರ ಬರೆದವರು ನೀವೇನಾ ಸ್ವಾಮಿ?' ಎಂದಿತು ಒಂದು ವಯಸ್ಸಾದ ದನಿ. ಆ ಹಳ್ಳಿಯ ನಿವೃತ್ತ ಮೇಷ್ಟ್ರು. ಮದುವೆ ಮನೆಯವರಲ್ಲಿ ವಿಚಾರಿಸಿ ನನ್ನ ನಂಬರು ಸಂಪಾದಿಸಿದ್ದರು. ಹೌದೆಂದೆ. ಒಳಗೊಳಗೆ ಹೆಮ್ಮೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

'ಶಾಸನದಲ್ಲಿ ಖರ ಸಂವತ್ಸರ ಅಂತ ಇದೆಯಲ್ಲ ಸ್ವಾಮಿ. ಇಸವಿ 1213 ಆದರೆ ಶ್ರೀಮುಖ ಬರಬೇಕು. ಖರ ಹೇಗೆ ಬಂತು?'

ಅರವತ್ತು ಸಂವತ್ಸರಗಳನ್ನು ಬೆರಳಿನಲ್ಲಿ ಎಣಿಸಬಲ್ಲ ತಲೆಮಾರಿನವರು ಅವರು. ನನಗೆ ಎಣಿಸಲು ಐದು ನಿಮಿಷ ಬೇಕಾಯಿತು. 1213ಕ್ಕೆ 78 ಕೂಡಿಸಿದರೆ 1291. ಖರ ಸರಿಯಾಗಿ ಅಲ್ಲಿಗೇ ಬಂದು ಕೂರುತ್ತದೆ. ಆಗ ಆಳುತ್ತಿದ್ದವನು ಬಲ್ಲಾಳನಲ್ಲ, 1254ರಿಂದ 1292ರವರೆಗೆ ಆಳಿದ ಮುಮ್ಮಡಿ ನರಸಿಂಹ. ಆ ಕಲ್ಲಿನಲ್ಲಿ ಲೆಕ್ಕವನ್ನು ತಾಳೆ ನೋಡಲು ಬೇಕಾದುದೆಲ್ಲ ಇತ್ತು. ವರ್ಷದ ಪಕ್ಕದಲ್ಲಿ ಸಂವತ್ಸರದ ಹೆಸರನ್ನು ಕೆತ್ತಿಸಿದವರು, ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡಲಿ ಎಂದೇ ಕೆತ್ತಿಸಿದ್ದರೋ ಏನೋ. ನಾನು ದಿನವೂ ಕೆಂಪು ಗುರುತು ಹಾಕುತ್ತಿದ್ದ ಕ್ಯಾಲೆಂಡರಿನಲ್ಲೂ ಸಂವತ್ಸರದ ಹೆಸರು ಅಚ್ಚಾಗಿತ್ತು.

'ಈಗಲೇ ತಿದ್ದುತ್ತೇನೆ ಮೇಷ್ಟ್ರೇ, ಎರಡು ನಿಮಿಷದ ಕೆಲಸ' ಎಂದೆ.

'ನೀವು ತಿದ್ದಬಹುದು. ನಮ್ಮ ಹುಡುಗರು ಕಲ್ಲಲ್ಲಿ ಹಾಕಿಸಿಬಿಟ್ಟಿದ್ದಾರಲ್ಲ' ಎಂದರು.

ಅಕ್ಟೋಬರಿನ ಮಳೆಗೆ ಕೆರೆ ತುಂಬಿ ಕೋಡಿ ಹರಿದಿತ್ತು. ಬಾಗಿನ ಅರ್ಪಿಸುವ ದಿನಕ್ಕೆಂದು ಊರಿನ ಹುಡುಗರು ಚಂದಾ ಎತ್ತಿ ಏರಿಯ ಮೇಲೆ ಕರಿಯ ಗ್ರಾನೈಟಿನ ಫಲಕ ನಿಲ್ಲಿಸಿದ್ದರು. ಮರುವಾರ ಬಸ್ಸು ಹತ್ತಿ ಹೋಗಿ ನೋಡಿದೆ. ತೂಬಿನ ಬಳಿ ಏಳುನೂರು ವರ್ಷ ಮಳೆಗಾಳಿಗೆ ಸವೆದ, ಸರಿಯಾದ ಕಲ್ಲು. ಅಲ್ಲಿಂದ ಇಪ್ಪತ್ತು ಹೆಜ್ಜೆಯಾಚೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಥಳಥಳಿಸುವ, ತಪ್ಪಾದ ಕಲ್ಲು. ಅದರ ಮೇಲೆ ಇದ್ದುದು ನನ್ನದೇ ವಾಕ್ಯ. ಒಂದಕ್ಷರ ಬದಲಾಗಿರಲಿಲ್ಲ.

ಹುಡುಗರನ್ನು ಕೇಳಿದೆ, ಹಳೆಯ ಶಾಸನ ಪಕ್ಕದಲ್ಲೇ ಇತ್ತಲ್ಲ ಎಂದು. 'ಅದು ಓದಕ್ಕೆ ಬರಲ್ಲ ಸಾರ್. ನೆಟ್ಟಲ್ಲಿ ಚೆನ್ನಾಗಿ ಬರೆದಿದ್ರು. ಕೆಳಗೆ ಪುಸ್ತಕದ ಹೆಸರೂ ಹಾಕಿದ್ರು' ಎಂದನೊಬ್ಬ. ಬರೆದವನು ಎದುರಿಗೇ ನಿಂತಿದ್ದಾನೆಂಬುದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಆಧಾರ ಕೊಡದೆ ಬರೆದಿದ್ದರೆ ಅವರು ಯಾರನ್ನಾದರೂ ವಿಚಾರಿಸುತ್ತಿದ್ದರೇನೋ. ರೈಸ್ ಅವರ ಹೆಸರು, ಸಂಪುಟ, ಶಾಸನದ ಸಂಖ್ಯೆ ಇವೆಲ್ಲ ಸೇರಿ ನನ್ನ ನಿದ್ದೆಗಣ್ಣಿನ ವಾಕ್ಯಕ್ಕೆ ಪ್ರಾಮಾಣ್ಯದ ಮುದ್ರೆ ಒತ್ತಿದ್ದವು. ಬ್ಯಾಂಕಿನಲ್ಲಿ ನಾವು ಅತ್ಯಂತ ಹೆದರುತ್ತಿದ್ದುದು ಇಂಥ ವೋಚರಿಗೇ: ಸಹಿ ಸರಿ, ಮೊಹರು ಸರಿ, ಮೊತ್ತ ತಪ್ಪು.

ವಿಕಿಪೀಡಿಯದಲ್ಲಿ ಪ್ರತಿ ಬದಲಾವಣೆಯ ಇತಿಹಾಸವೂ ಉಳಿಯುತ್ತದೆ. ನಾನು ತಿದ್ದಿದ್ದೂ ಅಲ್ಲಿದೆ, ಫೆಬ್ರುವರಿ 10ರ ರಾತ್ರಿ ಬರೆದದ್ದೂ ಅಲ್ಲಿದೆ, ಗಂಟೆ ನಿಮಿಷಗಳ ಸಮೇತ. ಇದು ಒಳ್ಳೆಯ ಏರ್ಪಾಡು. ಆದರೆ ಆ ಇತಿಹಾಸದ ಪುಟವನ್ನು ತೆರೆದು ನೋಡುವವರು ಎಷ್ಟು ಜನ? ಒಂಬತ್ತು ತಿಂಗಳು ಆ ತಪ್ಪು ಅಲ್ಲಿ ಕುಳಿತಿತ್ತು. ಇನ್ನೂ ಯಾವ ಮಗುವಿನ ನೋಟ್‌ಬುಕ್ಕಿಗೆ, ಯಾವ ಸ್ಮರಣ ಸಂಚಿಕೆಗೆ ಅದು ಹೋಗಿ ಸೇರಿದೆಯೋ ನಾನರಿಯೆ. ಇಂಗ್ಲಿಷಿನಲ್ಲಾಗಿದ್ದರೆ ನೂರು ಕಣ್ಣುಗಳು ನೋಡಿ ಒಂದು ವಾರದಲ್ಲಿ ಯಾರಾದರೂ ತಿದ್ದಿರುತ್ತಿದ್ದರು. ಬರೆಯುವವರು ಕಡಿಮೆಯಿರುವ ಭಾಷೆಯಲ್ಲಿ ತಿದ್ದುವವರು ಇನ್ನೂ ಕಡಿಮೆ. ಲೇಖನಗಳು ಕಡಿಮೆಯಿವೆ, ಆದ್ದರಿಂದ ಬೇಗ ಬೇಗ ಬರೆಯಬೇಕು ಎಂದು ನಾನು ಹೊರಟಿದ್ದೆ. ಲೇಖನಗಳು ಕಡಿಮೆಯಿವೆ, ಆದ್ದರಿಂದ ಇರುವ ಒಂದೊಂದನ್ನೂ ಜನ ನಂಬುತ್ತಾರೆ ಎಂಬ ಇನ್ನೊಂದು ಮುಖ ನನಗೆ ತೋಚಿರಲಿಲ್ಲ.

ಊರಿಗೆ ಮರಳಿದ ಮೇಲೆ ಸರಪಳಿಯ ಷರತ್ತಿನ ಬಗ್ಗೆ ಯೋಚಿಸಿದೆ. ಒಂದು ದಿನ ತಪ್ಪಿದರೆ ಎಲ್ಲವೂ ನಷ್ಟ ಎಂದು ನನ್ನ ತಲೆಗೆ ತುಂಬಿದವರು ಯಾರು? ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಅಂಟುತ್ತದೆ ಎಂಬ ಮಾತು ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಕೇಳಿಬರುತ್ತದೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಪ್ರಕಟಿಸಿದ ಪುಸ್ತಕ. ಬದಲಾದ ಮುಖಕ್ಕೆ ರೋಗಿಗಳು ಹೊಂದಿಕೊಳ್ಳಲು ಕನಿಷ್ಠ ಇಷ್ಟು ದಿನ ಬೇಕೆಂದು ಆತ ಕಂಡದ್ದು ಬಾಯಿಂದ ಬಾಯಿಗೆ ಬಂದು ಹೀಗಾಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ಬರೆದ ಪ್ರಬಂಧವೊಂದು 2010ರಲ್ಲಿ ಅಚ್ಚಾಯಿತು. ಒಂದು ಕೆಲಸ ತಾನಾಗಿ ನಡೆಯುವಷ್ಟು ರೂಢಿಯಾಗಲು ಬೇಕಾದ ಕಾಲ ನಡುಮಟ್ಟದಲ್ಲಿ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತದೆ. ನನಗೆ ಮುಖ್ಯವಾದದ್ದು ಅದೇ ಪ್ರಬಂಧದ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಹಾನಿಯೇನೂ ಆಗುವುದಿಲ್ಲ. ಫೆಬ್ರುವರಿ 10ರ ರಾತ್ರಿ ಬರೆಯದೆ ಪಾಯಸ ಉಂಡು ಮಲಗಿದ್ದರೆ ನನ್ನ ಅಭ್ಯಾಸಕ್ಕೆ ಏನೂ ಆಗುತ್ತಿರಲಿಲ್ಲ. ನಾನು ಉಳಿಸಿಕೊಂಡದ್ದು ಅಭ್ಯಾಸವನ್ನಲ್ಲ, ಕ್ಯಾಲೆಂಡರಿನ ಕೆಂಪು ಗುರುತನ್ನು.

ಆ ನೂರು ಲೇಖನಗಳನ್ನು ಮತ್ತೆ ತೆರೆದು ಒಂದೊಂದನ್ನಾಗಿ ತಾಳೆ ನೋಡಿದೆ. ಎರಡು ತಿಂಗಳು ಹಿಡಿಯಿತು. ಇನ್ನೂ ಏಳು ತಪ್ಪುಗಳು ಸಿಕ್ಕಿದವು. ಒಂದು ನದಿ ಪೂರ್ವಕ್ಕೆ ಹರಿಯುವ ಬದಲು ಪಶ್ಚಿಮಕ್ಕೆ ಹರಿದಿತ್ತು. ಏಳರಲ್ಲಿ ಆರು, ರಾತ್ರಿ ಹತ್ತರ ನಂತರ ಬರೆದ ಲೇಖನಗಳವು. ಈಗಲೂ ದಿನವೂ ಬರೆಯುತ್ತೇನೆ, ಆದರೆ ಬರೆದದ್ದನ್ನು ಅಂದೇ ಪ್ರಕಟಿಸುವುದಿಲ್ಲ. ದೋಸೆ ಹಿಟ್ಟನ್ನು ರುಬ್ಬಿದ ಕೂಡಲೇ ಕಾವಲಿಗೆ ಹಾಕುವವರುಂಟೆ? ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಪುಸ್ತಕವನ್ನು ಮತ್ತೆ ಎದುರಿಗಿಟ್ಟುಕೊಂಡು, ಹಳೆಯ ದಿನಗಳಲ್ಲಿ ಲೆಡ್ಜರಿಗೆ ಮಾಡುತ್ತಿದ್ದಂತೆ ಪ್ರತಿ ಅಂಕಿಗೂ ಹೆಸರಿಗೂ ಪೆನ್ಸಿಲಿನ ಗುರುತು ಹಾಕಿ ಆಮೇಲೆ ಹಾಕುತ್ತೇನೆ. ಕೆಲವು ದಿನ ಏನೂ ಪ್ರಕಟವಾಗುವುದಿಲ್ಲ. ಕೆಂಪು ಶಾಯಿಯ ಪೆನ್ನನ್ನು ಮೊಮ್ಮಗಳಿಗೆ ಕೊಟ್ಟಿದ್ದೇನೆ.

ಈಗ ಯಂತ್ರವನ್ನು ಕೇಳಿದರೆ ಅರೆ ನಿಮಿಷದಲ್ಲಿ ಕನ್ನಡ ಲೇಖನ ಬರೆದುಕೊಡುತ್ತದೆ, ನೀವೇಕೆ ಹೀಗೆ ಹೆಣಗುತ್ತೀರಿ ಎಂದು ಅಳಿಯ ಕೇಳುತ್ತಾನೆ. ಬರೆದುಕೊಡುತ್ತದೆ, ನಿಜ, ವಾಕ್ಯಗಳು ನನ್ನವಕ್ಕಿಂತ ನಯವಾಗಿಯೂ ಇರುತ್ತವೆ. ಆದರೆ ಮೇಷ್ಟ್ರು ಫೋನು ಮಾಡಿ ಕೇಳಿದಾಗ ಬಸ್ಸು ಹತ್ತಿ ಹೋಗಿ ತಲೆತಗ್ಗಿಸಿ ನಿಲ್ಲಬೇಕಾದವರು ಒಬ್ಬರಿರಬೇಕಲ್ಲ.

ಹೊಸ ಫಲಕದ ಖರ್ಚನ್ನು ನಾನೇ ಕೊಡುತ್ತೇನೆಂದು ಆ ದಿನವೇ ಹೇಳಿದ್ದೆ. ಊರಿನವರು ಒಪ್ಪಲಿಲ್ಲ. 'ಪೂಜೆ ಮಾಡಿ ನಿಲ್ಲಿಸಿದ ಕಲ್ಲು, ಕೀಳೋದು ಬೇಡ' ಎಂದರು. ಕಳೆದ ತಿಂಗಳು ಮೇಷ್ಟ್ರು ಮತ್ತೆ ಫೋನು ಮಾಡಿದ್ದರು. ಕಲ್ಲು ಕೆತ್ತುವವನನ್ನು ಕರೆಸಿ, 'ಕ್ರಿ.ಶ.' ಎಂಬುದರಲ್ಲಿ 'ಕ್ರಿ.' ಎಂಬುದಕ್ಕೆ ಕಪ್ಪು ಗಾರೆ ತುಂಬಿಸಿ, 'ಶ' ಮುಂದಿನ ಚುಕ್ಕಿಯ ಜಾಗದಲ್ಲಿ 'ಕ' ಕೆತ್ತಿಸಿದ್ದಾರಂತೆ. ಈಗ ಅದು 'ಶಕ 1213' ಎಂದಾಗಿದೆ.

'ಇಸವಿ ಸರಿಹೋಯಿತು ಸ್ವಾಮಿ' ಎಂದರು. 'ಆದರೆ ಬಲ್ಲಾಳ ಹಾಗೇ ಇದ್ದಾನೆ. ಅವನನ್ನ ಅಳಿಸಿ ಮುಮ್ಮಡಿ ನರಸಿಂಹ ಅಂತ ಹಾಕೋಕೆ ಏನಾದರೂ ದಾರಿ ಇದೆಯಾ ಅಂತ ಕೆತ್ತೋನು ನೋಡ್ತಾ ಇದ್ದಾನೆ.'